ಅಟ್ಟದ ಮೇಲಿನ ಶೂ, ಡಿಕ್ಕಿಯೊಳಗಿನ ಟೆಂಟ್

ಮಂಗಳೂರಿನಲ್ಲಿ ಟ್ರೆಕ್ಕಿಂಗ್, ಕಯಾಕಿಂಗ್ ಸಾಮಾನು ಬಾಡಿಗೆಗೆ ಕೊಡುವ, ರಿಪೇರಿ ಮಾಡುವ ನಮ್ಮ ಕೆಲಸದಲ್ಲಿ ಅಕ್ಟೋಬರ್ ಅಂದರೆ ಸೋಲ್ ಕಳಚಿದ ಶೂಗಳ ತಿಂಗಳು. ಮಳೆ ಬಿಟ್ಟಿತೆಂದು ಕುಮಾರ ಪರ್ವತಕ್ಕೋ ಗಡಾಯಿಕಲ್ಲಿಗೋ ಹೊರಟವರು ಎರಡು ಮೂರು ವರ್ಷ ಅಟ್ಟದಲ್ಲಿದ್ದ ಶೂ ಇಳಿಸುತ್ತಾರೆ. ಮೇಲಿನಿಂದ ಹೊಸತರ ಹಾಗೇ ಇರುತ್ತದೆ. ಅರ್ಧ ಗಂಟೆ ನಡೆದರೆ ಸೋಲ್ ಬಾಯಿ ಬಿಡುತ್ತದೆ. “ಹಾಕಿದ್ದೇ ನಾಲ್ಕು ಸಲ” ಎನ್ನುತ್ತಾರೆ. ನಾಲ್ಕೇ ಸಲ ಹಾಕಿದ್ದೂ ಅದಕ್ಕೆ ಒಂದು ಕಾರಣ.

ಅನೇಕ ಟ್ರೆಕ್ಕಿಂಗ್ ಶೂಗಳಲ್ಲಿ ಕೆಳಗಿನ ರಬ್ಬರಿಗೂ ಮೇಲಿನ ಬಟ್ಟೆಗೂ ನಡುವೆ ಇರುವ ಮೆತ್ತನೆಯ ಪದರ, ಅಂದರೆ ಮಿಡ್‌ಸೋಲ್, ಪಿಯು ಎಂದು ಕರೆಯುವ ಪಾಲಿಯುರೆಥೇನಿನದು. ಗಾಳಿಯ ತೇವ ಅದರೊಳಗೆ ಇಳಿದು ಅದರ ಅಣುಗಳ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಕಡಿಯುತ್ತಾ ಹೋಗುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ನಡೆಯುವಾಗ ಪದರ ಅಮುಕಿ ಬಿಟ್ಟು ಆಗುವುದರಿಂದ ಒಳಗಿನ ತೇವ ಸ್ವಲ್ಪವಾದರೂ ಹೊರಬೀಳುತ್ತದೆ. ಡಬ್ಬದಲ್ಲಿ ಮುಚ್ಚಿಟ್ಟ ಶೂಗೆ ಅದೂ ಇಲ್ಲ. ಇವಿಎ ಎಂಬ ಇನ್ನೊಂದು ಬಗೆಯ ಫೋಮಿನ ಮಿಡ್‌ಸೋಲ್‌ಗೆ ಈ ಕಾಯಿಲೆ ಬರುವುದಿಲ್ಲ. ಸವೆದು ಚಪ್ಪಟೆಯಾದೀತು, ಪುಡಿಯಾಗದು. ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಬೆಟ್ಟ ಹತ್ತುವ ಕರಾವಳಿಯವರಿಗೆ ನಾವು ಇವಿಎಯನ್ನೇ ಹೇಳುತ್ತೇವೆ.

ಹೊರಡುವ ಎರಡು ವಾರ ಮೊದಲು ಹೆಬ್ಬೆರಳಿನ ಉಗುರನ್ನು ಮಿಡ್‌ಸೋಲ್ ಬದಿಗೆ ಗಟ್ಟಿಯಾಗಿ ಒತ್ತಿ ನೋಡಿ. ತಗ್ಗು ಬಿದ್ದು ಮತ್ತೆ ಮೇಲೇಳಬೇಕು. ಪುಡಿ ಉದುರಿದರೆ, ಬಿರುಕು ಬಿಟ್ಟರೆ, ಕೈಗೆ ಅಂಟಿದರೆ ಆ ಶೂವನ್ನು ಬಿಟ್ಟುಬಿಡಿ. ಯಾವ ಸೊಲ್ಯೂಷನ್ ಹಚ್ಚಿದರೂ ನಿಲ್ಲುವುದಿಲ್ಲ, ಏಕೆಂದರೆ ಅಂಟು ಕಚ್ಚಿಕೊಳ್ಳಬೇಕಾದ ಪದರವೇ ಪುಡಿಯಾಗಿದೆ. ಪದರ ಗಟ್ಟಿಯಿದ್ದು ಅಂಟು ಮಾತ್ರ ಬಿಟ್ಟಿದ್ದರೆ ರಿಪೇರಿ ಸಾಧ್ಯ. ಎರಡೂ ಬದಿಯನ್ನು ಮರಳು ಕಾಗದದಲ್ಲಿ ಉಜ್ಜಿ, ಧೂಳು ಒರೆಸಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ 10–15 ನಿಮಿಷ ಹಾಗೇ ಬಿಡಬೇಕು. ಮುಟ್ಟಿದರೆ ಬೆರಳಿಗೆ ಮೆತ್ತದ ಹದ ಬಂದಾಗ ಕೂಡಿಸಿ, 24 ಗಂಟೆ ಬಿಗಿಯಾಗಿ ಕಟ್ಟಿಡಬೇಕು. ಮಳೆಗಾಲದಲ್ಲಿ ಆ ಹದ ಬರಲು ಇನ್ನೂ ಹೊತ್ತು ಬೇಕು. ಹಸಿಯಿರುವಾಗಲೇ ಒತ್ತಿದ ಸೋಲ್ ಮತ್ತೆ ಬಿಡುತ್ತದೆ. ಸುತ್ತ ಹೊಲಿಗೆ ಹಾಕಿಸಿದರೆ ಗಟ್ಟಿ, ಆದರೆ ವಾಟರ್‌ಪ್ರೂಫ್ ಶೂ ಆದರೆ ಸೂಜಿ ತೂತಿನಲ್ಲಿ ನೀರು ಒಳಬರುತ್ತದೆ.

ಬ್ಯಾಗಿನಲ್ಲಿ 3 ಮಿಲಿಮೀಟರ್ ದಪ್ಪದ ಎರಡು ಮೀಟರ್ ನೈಲಾನ್ ಹಗ್ಗ ಯಾವಾಗಲೂ ಇರಲಿ. ದಾರಿಯಲ್ಲಿ ಸೋಲ್ ಬಿಟ್ಟರೆ ಹಗ್ಗವನ್ನು ಸೋಲ್ ಅಡಿಯ ಗೀರುಗಳೊಳಗೆ ಕೂರಿಸಿ, ಬೆರಳುಗಳ ಹಿಂದೆ ಒಂದು ಸುತ್ತು, ಹಿಮ್ಮಡಿಯ ಮುಂದೆ ಒಂದು ಸುತ್ತು ತಂದು ಮೇಲೆ ಲೇಸ್‌ಗೆ ಕಟ್ಟಿ. ಬರೀ ಟೇಪ್ ಸುತ್ತಿದರೆ ಒದ್ದೆ ಮೈಗೆ ಅಂಟುವುದಿಲ್ಲ, ಕಲ್ಲು ಮೆಟ್ಟಿಲಲ್ಲಿ ಬೇಗ ಹರಿಯುತ್ತದೆ.

ಒದ್ದೆ ಶೂ ಒಣಗಿಸಲು ನಮ್ಮಲ್ಲಿ ಹಲವರಿಗೆ ನೆನಪಾಗುವುದು ಬಚ್ಚಲೊಲೆ. ದಯವಿಟ್ಟು ಬೇಡ. ಆ ಬಿಸಿಗೆ ಅಂಟು ಮೆತ್ತಗಾಗಿ ಸೋಲ್ ಸಡಿಲವಾಗುತ್ತದೆ, ಚರ್ಮ ಸೆಟೆದು ಬಿರಿಯುತ್ತದೆ. ಒಳಗಿನ ಇನ್‌ಸೋಲ್ ತೆಗೆದು, ಹಳೆಯ ಪೇಪರ್ ತುರುಕಿ, ಮೊದಲ ಕೆಲವು ಗಂಟೆ ತಾಸಿಗೊಮ್ಮೆ ಪೇಪರ್ ಬದಲಿಸಿ, ರಾತ್ರಿ ಫ್ಯಾನ್ ಕೆಳಗೆ ಇಡಿ. ಜೋರು ಮಳೆಯ ಆಟಿ ತಿಂಗಳಲ್ಲಿ ಎರಡು ದಿನವಾದರೂ ಬೇಕು.

ಟೆಂಟಿನ ಕಥೆಯೂ ಇದೇ. ಅನೇಕ ಟೆಂಟುಗಳ ಬಟ್ಟೆಗೆ ನೀರು ತಡೆಯಲು ಬಳಿದಿರುವುದು ಅದೇ ಪಿಯು. ಒದ್ದೆ ಟೆಂಟನ್ನು ಚೀಲಕ್ಕೆ ತುರುಕಿ ಕಾರಿನ ಡಿಕ್ಕಿಯಲ್ಲಿ ನಾಲ್ಕು ದಿನ ಬಿಟ್ಟರೆ ತೇವ, ಬಿಸಿ ಎರಡೂ ಸೇರುತ್ತವೆ. ಬೂಷ್ಟು ಹಿಡಿಯುತ್ತದೆ, ಮುಂದೆ ಲೇಪ ಅಂಟಂಟಾಗಿ ಹುಳಿ ವಾಸನೆ ಬರುತ್ತದೆ. ಬಾಡಿಗೆಗೆ ಹೋದ ಟೆಂಟ್ ವಾಪಸ್ ಬಂದಾಗ ನಾವು ಬಟ್ಟೆಗಿಂತ ಮೊದಲು ಮುಟ್ಟಿ ನೋಡುವುದು ಮೂಲೆಯ ಪಟ್ಟಿ, ಹೊಲಿಗೆಯ ಮಡಿಕೆ, ಕಂಬಿ ತೂರಿಸುವ ತೋಳು. ಬಟ್ಟೆ ಎರಡು ಗಂಟೆಯಲ್ಲಿ ಒಣಗಿದಂತೆ ಕಂಡರೂ ಇವು ಮರುದಿನದವರೆಗೂ ಹಸಿ ಇರುತ್ತವೆ. ಜಗಲಿಯಲ್ಲಿ ಹಗ್ಗ ಕಟ್ಟಿ, ಒಳಮೈ ಹೊರಗೆ ಮಾಡಿ, ನೆರಳಿನಲ್ಲಿ 24 ಗಂಟೆ ಬಿಡಿ. ದಿನಗಟ್ಟಲೆ ಬಿಸಿಲಿಗೆ ಹಾಕಿದರೆ ನೈಲಾನ್ ಲಡ್ಡಾಗುತ್ತದೆ. ಆಮೇಲೆ ಅದರ ಬಿಗಿ ಚೀಲಕ್ಕೆ ಹಾಕದೆ ಹಳೆಯ ತಲೆದಿಂಬಿನ ಕವರಿನಲ್ಲಿ ಸಡಿಲವಾಗಿಡಿ. ಬೂಷ್ಟಿನ ಕಪ್ಪು ಚುಕ್ಕೆಗೆ ಬ್ಲೀಚ್ ಹಾಕಬೇಡಿ. ಚುಕ್ಕೆ ಉಳಿದರೆ ಉಳಿಯಲಿ, ಬಟ್ಟೆ ಮುಖ್ಯ. ಲೇಪ ಅಂಟಂಟಾದ ಟೆಂಟನ್ನು ನಾವು ಮಳೆಗೆ ಕೊಡುವುದಿಲ್ಲ.

ಸಮುದ್ರಕ್ಕೆ ಹೋದ ಸಾಮಾನಿಗೆ ಇನ್ನೊಂದು ತೊಂದರೆ. ಸಸಿಹಿತ್ಲುವಿನಿಂದಲೋ ಸಾಲಿಗ್ರಾಮದ ಹಿನ್ನೀರಿನಿಂದಲೋ ಬಂದ ಲೈಫ್ ಜಾಕೆಟ್ ಎಷ್ಟು ಒಣಗಿಸಿದರೂ ರಾತ್ರಿ ಮತ್ತೆ ತೇವವಾಗುವುದುಂಟು. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯಲ್ಲಿ ಅದು ದಾಟದ ರಾತ್ರಿ ಕಡಿಮೆ. ಹಾಗಾಗಿ ಮೊದಲು ಉಪ್ಪು ಹೋಗಬೇಕು, ಆಮೇಲೆ ಒಣಗಿಸುವ ಮಾತು. ಬಕೆಟ್ ಸಿಹಿನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿ, ನೀರು ಬದಲಿಸಿ ಇನ್ನೊಮ್ಮೆ ಅದ್ದಿ ತೆಗೆಯಿರಿ. ಬೇಸಗೆಯಲ್ಲಿ ಬಾವಿ ನೀರು ಉಪ್ಪಾಗುವ ಕಡೆ ನಳ್ಳಿ ನೀರನ್ನೇ ಬಳಸಿ. ಜಿಪ್ಪಿನ ಹಲ್ಲನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿದ ಮೇಲೆ ಮೇಣದಬತ್ತಿ ಸವರಿ. ಎಣ್ಣೆ ಹಚ್ಚಿದರೆ ಮರಳು ಮೆತ್ತಿಕೊಂಡು ಹಲ್ಲು ಸವೆಯುತ್ತದೆ.

ಹೆಡ್‌ಲ್ಯಾಂಪಿನ ಬ್ಯಾಟರಿಯನ್ನು ಮನೆಗೆ ಬಂದ ದಿನವೇ ತೆಗೆದಿಡಿ. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಇಯರ್‌ಬಡ್ಡಿಗೆ ಒಂದು ಹನಿ ಲಿಂಬೆ ರಸ ಮುಟ್ಟಿಸಿ ಒರೆಸಿ, ಆಮೇಲೆ ಒದ್ದೆ ಬಡ್ಡಿನಿಂದ ಇನ್ನೊಮ್ಮೆ ಒರೆಸಿ ಒಣಗಿಸಿದರೆ ಹೆಚ್ಚಿನವು ಮತ್ತೆ ಉರಿಯುತ್ತವೆ.