ಆಕೆರ್ಸೆಲ್ವಾ: ಪುಟ್ಟ ನದಿ, ದೊಡ್ಡ ಇಳಿಜಾರು

ನಾರ್ವೆಯ ರಾಜಧಾನಿ ಆಸ್ಲೋ ನಗರದ ನಡುವೆ ಹರಿಯುವ ಆಕೆರ್ಸೆಲ್ವಾದ ಉದ್ದ ಎಂಟು ಕಿ.ಮೀ. ಚಿಲ್ಲರೆ, ಅಷ್ಟೇ. ಆದರೆ ಮರಿದಾಲ್ ಸರೋವರದಿಂದ ಸಮುದ್ರ ಸೇರುವಷ್ಟರಲ್ಲಿ ಸುಮಾರು 149 ಮೀಟರ್ ಕೆಳಗಿಳಿಯುತ್ತದೆ. ದಾರಿಯಲ್ಲಿ ಇಪ್ಪತ್ತರಷ್ಟು ಜಲಪಾತ! ಈ ಇಳಿಜಾರೇ ಮೊದಲು ಮರ ಕೊಯ್ಯುವ ಗಿರಣಿಗಳನ್ನು, 19ನೇ ಶತಮಾನದಲ್ಲಿ ಬಟ್ಟೆ ಗಿರಣಿಗಳನ್ನು ದಡಕ್ಕೆ ಎಳೆತಂದಿತು. ಯೂಲಾ ಜಲಪಾತದ ಬಳಿ ಬೇಯರ್ ಸೇತುವೆಯ ಮೇಲೆ ಗಿರಣಿಯ ಹೆಣ್ಣುಮಕ್ಕಳ ಪ್ರತಿಮೆಗಳು ಈಗಲೂ ನಿಂತಿವೆ. ಊರು ಅವರನ್ನು ಮರೆಯಲಿಲ್ಲ ಅನ್ನೋದೇ ಖುಷಿ.

ಮೂಲದ ಸರೋವರವೇ ನಗರದ ಕುಡಿಯುವ ನೀರಿನ ಮುಖ್ಯ ಆಸರೆ. ಹಾಗಾಗಿ ನದಿಗೆ ಎಷ್ಟು ನೀರು ಅನ್ನೋದನ್ನು ಅಣೆಕಟ್ಟು ನಿರ್ಧರಿಸುತ್ತದೆ. 2011ರಲ್ಲಿ ನೀರು ಶುದ್ಧೀಕರಣ ಘಟಕದಿಂದ ಕ್ಲೋರಿನ್ ದ್ರಾವಣ ಸೋರಿ ಮೀನುಗಳು ರಾಶಿ ರಾಶಿ ಸತ್ತವು. ಇಷ್ಟು ಚಿಕ್ಕ ನದಿಯಲ್ಲಿ ವಿಷ ತೆಳುವಾಗಲು ಜಾಗವಾದರೂ ಎಲ್ಲಿ? ಆಮೇಲೆ ಸಮುದ್ರದಿಂದ ಸಾಲ್ಮನ್ ಮೀನು ಮತ್ತೆ ಹತ್ತಿ ಬಂತು, ಅದೂ ನಗರದಡಿಯ ಕತ್ತಲ ಕಾಲುವೆ ದಾಟಿ.