ಬೆಂಜಮಿನ್ ಎಂಬ ವಕೀಲ

ಮೇ 6, 2024, ಸೋಮವಾರ
ಶಿರಸಿ

ನಾಳೆ ಮತದಾನ. ನ್ಯಾಯಾಲಯಕ್ಕೆ ಬೇಸಿಗೆ ರಜೆ ಬೇರೆ. ಕಕ್ಷಿದಾರರು ಯಾರೂ ಇತ್ತ ಸುಳಿಯಲಿಲ್ಲವಾದ್ದರಿಂದ ಅಡಿಕೆ ವ್ಯಾಜ್ಯದ ಕಡತ ಬಿಚ್ಚಿ ಕುಳಿತೆ. ದರ ಕುದುರಿದೆ, ಮುಂಗಡವೂ ಕೈ ಬದಲಾಗಿದೆ. ಆದರೆ ಚೀಲಗಳನ್ನು ತೂಗುವ ಮೊದಲೇ ಗೋದಾಮಿಗೆ ಮಳೆನೀರು ನುಗ್ಗಿದೆ. ನಷ್ಟ ಯಾರದು? 1930ರ ಸರಕು ಮಾರಾಟ ಕಾಯ್ದೆಯ 22ನೇ ಕಲಂ ಹೇಳುವುದು ಇಷ್ಟು: ಬೆಲೆ ಗೊತ್ತುಮಾಡಲು ಮಾರುವವನು ತೂಗಲೇಬೇಕಿದ್ದರೆ, ತೂಗಿ, ಅದನ್ನು ಕೊಳ್ಳುವವನಿಗೆ ತಿಳಿಸುವ ತನಕ ಮಾಲು ಮಾರಿದವನದೇ. ಬೇರೆ ಕರಾರು ಇಲ್ಲದಿದ್ದರೆ ಮಾಲು ಯಾರದೋ ನಷ್ಟವೂ ಅವನದೇ ಎನ್ನುತ್ತದೆ 26ನೇ ಕಲಂ. ನಾನು ಕೊಂಡವರ ಪರ. ಹಾಗಾಗಿ ಕಾಯ್ದೆ ಸದ್ಯಕ್ಕೆ ಬಹಳ ನ್ಯಾಯವಾಗಿ ಕಾಣುತ್ತಿದೆ.

ಇಂಥ ಪ್ರಶ್ನೆ ಬಂದಾಗಲೆಲ್ಲ ನಮ್ಮ ಹಿರಿಯರು ‘ಬೆಂಜಮಿನ್ ನೋಡಯ್ಯಾ’ ಎನ್ನುತ್ತಾರೆ. ಮಾರಾಟದ ಕಾನೂನಿನ ಮೇಲೆ 1868ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ ಆ ಗ್ರಂಥ ಇಂದಿಗೂ ಪರಿಷ್ಕರಣೆಯಾಗುತ್ತಾ ಅವನ ಹೆಸರಿನಲ್ಲೇ ಬರುತ್ತಿದೆ. ಬರೆದವನು ಇಂಗ್ಲೆಂಡಿನವನಲ್ಲ. ಅಮೆರಿಕದ ಲೂಯಿಸಿಯಾನಾದ ವಕೀಲ, ಸೆನೆಟರ್, ಅಂತರ್ಯುದ್ಧದಲ್ಲಿ ಸೋತ ಪಕ್ಷದ ಮಂತ್ರಿ. ಜೂಡಾ ಪಿ. ಬೆಂಜಮಿನ್ ತೀರಿಕೊಂಡದ್ದು 1884ರ ಇದೇ ಮೇ 6ರಂದು, ಪ್ಯಾರಿಸ್‌ನಲ್ಲಿ.

ಹುಟ್ಟಿದ್ದು 1811ರಲ್ಲಿ, ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯಿ ದ್ವೀಪದ ಯಹೂದಿ ಮನೆತನದಲ್ಲಿ. ಆಗ ಆ ದ್ವೀಪ ಬ್ರಿಟಿಷರ ವಶದಲ್ಲಿತ್ತು. ಈ ಸಂಗತಿ ಮುಂದೆ ಅವನನ್ನು ಬದುಕಿಸಿತು. ಹದಿನಾಲ್ಕರಲ್ಲಿ ಯೇಲ್ ಕಾಲೇಜು ಸೇರಿದ, ಪದವಿ ಪಡೆಯದೆ ಹೊರಬಿದ್ದ. ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್‌ಗೆ ಬಂದು, 1832ರಲ್ಲಿ ವಕೀಲಿ ಶುರುಮಾಡಿ, ಇಂಗ್ಲಿಷ್ ಪಾಠ ಹೇಳಿಕೊಟ್ಟ ಮನೆಯ ಹುಡುಗಿಯನ್ನೇ ಮದುವೆಯಾದ. ಹೆಂಡತಿ ಕೆಲವು ವರ್ಷಗಳ ಬಳಿಕ ಮಗಳನ್ನು ಕರೆದುಕೊಂಡು ಪ್ಯಾರಿಸ್‌ಗೆ ಹೋಗಿಬಿಟ್ಟಳು. ಅದರ ಒಳಗುಟ್ಟು ನಮಗೆ ಬೇಡ.

ಆ ಊರಿನ ಕೋರ್ಟುಗಳಲ್ಲಿ ಮಾರಾಟದ ದಾವೆ ಎಂದರೆ ಬರೀ ಹತ್ತಿ, ಸಕ್ಕರೆ ಅಲ್ಲ. 1825ರ ಲೂಯಿಸಿಯಾನಾ ಸಂಹಿತೆಯಲ್ಲಿ ಗುಲಾಮರು ಹೊಲಮನೆಗಳ ಜೊತೆ ಸ್ಥಿರಾಸ್ತಿ. ಕೊಂಡ ಮೇಲೆ ಮಾಲಿನಲ್ಲಿ ಮರೆಮಾಚಿದ ದೋಷ ಕಂಡರೆ ವ್ಯವಹಾರ ರದ್ದುಮಾಡಿಸಬಹುದಿತ್ತು. ಗುಲಾಮನ ವಿಷಯದಲ್ಲಿ ದೋಷಗಳ ಪಟ್ಟಿಯೇ ಇತ್ತು: ಕುಷ್ಠ, ಹುಚ್ಚು, ಮೂರ್ಛೆರೋಗ ಶರೀರದ ದೋಷಗಳು, ಕಳ್ಳತನ, ಓಡಿಹೋಗುವ ಚಾಳಿ ನಡತೆಯ ದೋಷಗಳು. ಓಡಿಹೋಗುವುದು ದೋಷ! ಇದೇ ಕಲಂ ಹಿಡಿದು ವಕೀಲರು ದಿನಾ ವಾದಿಸುತ್ತಿದ್ದರು, ಸಂಜೆ ಊಟಕ್ಕೆ ಮನೆಗೆ ಹೋಗುತ್ತಿದ್ದರು. ಬೆಂಜಮಿನ್ ಕಸುಬು ಕಲಿತದ್ದು ಅಲ್ಲಿ. ದುಡ್ಡು ಬಂದ ಮೇಲೆ ಬೆಲ್‌ಶಾಸ್ ಎಂಬ ಕಬ್ಬಿನ ತೋಟದಲ್ಲಿ ಪಾಲು ಹಿಡಿದ. ಸುಮಾರು 140 ಗುಲಾಮರು ಅಲ್ಲಿ ದುಡಿಯುತ್ತಿದ್ದರು.

1841ರಲ್ಲಿ ಕ್ರಿಯೋಲ್ ಎಂಬ ಹಡಗು 130ಕ್ಕೂ ಹೆಚ್ಚು ಗುಲಾಮರನ್ನು ತುಂಬಿಕೊಂಡು ವರ್ಜೀನಿಯಾದಿಂದ ನ್ಯೂ ಆರ್ಲಿಯನ್ಸ್ ಕಡೆ ಹೊರಟಿತು. ನಡುದಾರಿಯಲ್ಲಿ ಮ್ಯಾಡಿಸನ್ ವಾಷಿಂಗ್ಟನ್ ಎಂಬವನ ಮುಂದಾಳುತನದಲ್ಲಿ ಹತ್ತೊಂಬತ್ತು ಮಂದಿ ದಂಗೆಯೆದ್ದು ಹಡಗನ್ನು ಬಹಾಮಾದ ನಸ್ಸಾವಿಗೆ ತಿರುಗಿಸಿದರು. ಬ್ರಿಟಿಷ್ ನೆಲದಲ್ಲಿ ಆ ಹೊತ್ತಿಗೆ ಗುಲಾಮಗಿರಿ ರದ್ದಾಗಿತ್ತು. ಹೆಚ್ಚುಕಡಿಮೆ ಎಲ್ಲರೂ ಬಿಡುಗಡೆ ಹೊಂದಿದರು. ಮಾಲೀಕರು ವಿಮೆಯ ಹಣ ಕೇಳಿ ದಾವೆ ಹೂಡಿದರು. ಕಂಪನಿಗಳ ಪರ ವಕಾಲತ್ತು ಬೆಂಜಮಿನ್‌ನದು.

ಅವನ ವಾದ ಓದಿದರೆ ಮೈ ಜುಮ್ಮೆನ್ನುತ್ತದೆ. ಗುಲಾಮನೆಂದರೆ ಯಾರು ಎಂದು ತಾನೇ ಕೇಳಿ, ಮನುಷ್ಯ ಎಂದು ತಾನೇ ಉತ್ತರಿಸುತ್ತಾನೆ. ಬಿಳಿಯನ ಎದೆಯಂತೆಯೇ ಅವನ ಎದೆಯೂ ಪ್ರೀತಿಗೆ ಉಕ್ಕುತ್ತದೆ, ದುಃಖಕ್ಕೆ ನೋಯುತ್ತದೆ, ಸೇಡಿಗೆ ಕುದಿಯುತ್ತದೆ, ಬಿಡುಗಡೆಯ ಆಸೆಯನ್ನು ಎಂದೂ ಬಿಡುವುದಿಲ್ಲ ಎನ್ನುತ್ತಾನೆ. ಗುಲಾಮಗಿರಿ ಪ್ರಕೃತಿಗೆ ವಿರುದ್ಧವಾದದ್ದು, ಆಯಾ ನಾಡಿನ ಕಾನೂನಿನ ಆಸರೆಯಲ್ಲಷ್ಟೇ ನಿಂತದ್ದು ಎನ್ನುತ್ತಾನೆ. ಕಂಪನಿಗಳು ಗೆದ್ದವು. ಬೆಲ್‌ಶಾಸ್‌ನಲ್ಲಿ ಕಬ್ಬು ಕಡಿಯುತ್ತಿದ್ದ ಒಬ್ಬರಿಗೂ ಈ ವಾದದ ಲಾಭ ಸಿಗಲಿಲ್ಲ. ಕಕ್ಷಿದಾರನಿಗಾಗಿ ನಾನು ಒಪ್ಪದ ಮಾತು ನಾನೂ ಆಡಿದ್ದೇನೆ, ನಾಳೆಯೂ ಆಡುತ್ತೇನೆ. ಆದರೆ ನಿಜವಾದ ಮಾತನ್ನು ಇಷ್ಟು ಚೆನ್ನಾಗಿ ಆಡಿಯೂ ಅದನ್ನು ಕಡತದೊಳಗೇ ಕಟ್ಟಿಟ್ಟ ಮನುಷ್ಯನನ್ನು ಕಂಡರೆ ಭಯವಾಗುತ್ತದೆ.

1853ರಿಂದ 1861ರ ತನಕ ಅವನು ವಾಷಿಂಗ್ಟನ್‌ನಲ್ಲಿ ಸೆನೆಟರ್. ದಕ್ಷಿಣದ ರಾಜ್ಯಗಳು ಸಿಡಿದು ಹೋದಾಗ ಅವುಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಬಳಿ ಮೊದಲು ಅಟಾರ್ನಿ ಜನರಲ್, ಬಳಿಕ ಯುದ್ಧಮಂತ್ರಿ, ಕೊನೆಗೆ ವಿದೇಶಾಂಗ ಮಂತ್ರಿ. ಮೂರು ವರ್ಷ ಮೊದಲು ಇದೇ ಡೇವಿಸ್‌ನನ್ನು ಸೆನೆಟ್‌ನ ಮಾತಿನ ಜಟಾಪಟಿಯಲ್ಲಿ ದ್ವಂದ್ವಯುದ್ಧಕ್ಕೆ ಕರೆದಿದ್ದವನು. ದಕ್ಷಿಣದವರ ಎರಡು ಡಾಲರ್ ನೋಟಿನ ಮೇಲೆ ಅವನ ಮುಖವೂ ಬಂತು.

1865ರ ಏಪ್ರಿಲ್‌ನಲ್ಲಿ ದಕ್ಷಿಣದವರ ರಾಜಧಾನಿ ರಿಚ್ಮಂಡ್ ಬಿದ್ದಾಗ ಐವತ್ತಮೂರರ ಈ ದಡೂತಿ ಮನುಷ್ಯ ಫ್ರೆಂಚ್ ವ್ಯಕ್ತಿಯ ಸೋಗು ಹಾಕಿ ಫ್ಲಾರಿಡಾಕ್ಕೆ ತಪ್ಪಿಸಿಕೊಂಡ. ಅಲ್ಲಿಂದ ದೋಣಿಯಲ್ಲಿ ಬಹಾಮಾದ ಬಿಮಿನಿ ದ್ವೀಪ. ಮುಂದೆ ಸ್ಪಂಜು ಹೇರಿಕೊಂಡಿದ್ದ ಹಡಗು ಮುಳುಗಿ, ಮೂವರು ಕಪ್ಪು ನಾವಿಕರೊಂದಿಗೆ ಪುಟ್ಟ ದೋಣಿಯಲ್ಲಿ ತೇಲಿ, ಹೇಗೋ ಬದುಕಿ ನಸ್ಸಾವು ಮುಟ್ಟಿದ. ಅದೇ ನಸ್ಸಾವು. ಕ್ರಿಯೋಲ್‌ನವರಂತೆ ಅವನೂ ಬ್ರಿಟಿಷ್ ನೆಲ ಹುಡುಕಿಕೊಂಡು ಓಡಿಬಂದವನೇ. ಆಗ ಅವನಿಗೆ ತನ್ನ ಹಳೆಯ ವಾದ ನೆನಪಾಗದೆ ಇದ್ದೀತೇ?

ಲಂಡನ್ನಿನಲ್ಲಿ ಐವತ್ತನಾಲ್ಕರಲ್ಲಿ ಮತ್ತೆ ವಿದ್ಯಾರ್ಥಿ. ಹುಟ್ಟಿನಿಂದ ಬ್ರಿಟಿಷ್ ಪ್ರಜೆ ಎಂಬ ಆಧಾರ ಕೈಯಲ್ಲಿತ್ತು. ಬ್ಯಾರಿಸ್ಟರುಗಳ ಸಂಘವಾದ ಲಿಂಕನ್ಸ್ ಇನ್‌ನವರು ವರ್ಷಗಟ್ಟಲೆ ಕಾಯಿಸದೆ 1866ರ ಜೂನ್‌ನಲ್ಲೇ ಸನದು ಕೊಟ್ಟರು. ಉಳಿಸಿಕೊಂಡಿದ್ದ ಹಣ ಅದೇ ವರ್ಷ ಓವರೆಂಡ್ ಗರ್ನಿ ಬ್ಯಾಂಕಿನೊಂದಿಗೆ ಮುಳುಗಿತು. ಪತ್ರಿಕೆಗಳಿಗೆ ಬರೆದು ದಿನ ದೂಡಿದ. ಆ ಬಡತನದಲ್ಲಿ ಹುಟ್ಟಿದ್ದು ನಮ್ಮ ಗ್ರಂಥ. ಇಂಗ್ಲಿಷ್ ಕಾನೂನಿನ ಪಕ್ಕದಲ್ಲೇ ರೋಮನ್, ಫ್ರೆಂಚ್ ಕಾನೂನನ್ನಿಟ್ಟು ನೋಡುವ ಅದರ ಬಗೆ, ಫ್ರೆಂಚ್ ಮೂಲದ ಕಾನೂನಿದ್ದ ಲೂಯಿಸಿಯಾನಾದ ವರವೇ ಸರಿ. 1872ರಲ್ಲಿ ‘ರಾಣಿಯ ವಕೀಲ’ ಎಂಬ ಹಿರಿಯ ವಕೀಲರ ಪದವಿ ಪಡೆದ. ನಮ್ಮ ದೇಶದ ಮೇಲ್ಮನವಿಗಳೂ ಆಗ ಕೊನೆಗೆ ತಲುಪುತ್ತಿದ್ದ ಪ್ರಿವಿ ಕೌನ್ಸಿಲ್‌ನಲ್ಲಿ ಅವನು ಎದ್ದು ನಿಂತರೆ ನ್ಯಾಯಾಧೀಶರು ಕಿವಿಗೊಡುತ್ತಿದ್ದರಂತೆ.

ಸಂಜೆ ಹಿರಿಯರಿಗೆ ಫೋನ್ ಮಾಡಿ, ಅವನಿಗೆ ಪಶ್ಚಾತ್ತಾಪ ಇದ್ದಿರಬಹುದೇ ಎಂದು ಕೇಳಿದೆ. ‘1865ರ ಫೆಬ್ರವರಿಯಲ್ಲಿ ರಿಚ್ಮಂಡಿನ ಸಭೆಯಲ್ಲಿ, ದಂಡು ಸೇರುವ ಗುಲಾಮನಿಗೆ ಬಿಡುಗಡೆ ಕೊಡೋಣ ಎಂದವನು ಅವನೇ ಅಲ್ಲವೇನಯ್ಯಾ? ಆ ಜನರ ನಡುವೆ ಹಾಗೆ ಹೇಳಲು ಎದೆ ಬೇಡವೇ?’ ಎಂದರು. ಬೇಕು, ಸರ್. ಆದರೆ ಆಗ ದಕ್ಷಿಣದ ಸೈನ್ಯದಲ್ಲಿ ಆಳುಗಳೇ ಉಳಿದಿರಲಿಲ್ಲ, ಎರಡು ತಿಂಗಳಲ್ಲಿ ರಾಜಧಾನಿಯೇ ಹೋಯಿತು. ಅದು ಕೂಡ ಕಕ್ಷಿದಾರನ ಅಗತ್ಯ ನೋಡಿ ಹೂಡಿದ ವಾದವೆಂದೇ ನನಗೆ ಕಾಣುತ್ತದೆ. ಕಾಗದಪತ್ರಗಳನ್ನೂ ಸುಟ್ಟು ಹಾಕಿದ ಮಹಾರಾಯ, ಸಾಕ್ಷ್ಯ ಎಲ್ಲಿಂದ ತರುವುದು? ಹಿರಿಯರು ಒಪ್ಪಲಿಲ್ಲ. ಕಾಗದ ಸುಟ್ಟದ್ದನ್ನು ಅವನ ವಿರುದ್ಧ ಎಣಿಸಬೇಡ, ಬುದ್ಧಿವಂತ ವಕೀಲ ಯಾರಾದರೂ ಅದನ್ನೇ ಮಾಡುತ್ತಾನೆ ಎಂದು ನಕ್ಕರು.