ಮರಳಿನಡಿಯ ಗೆಡ್ಡೆ

ಇಂದು ಸಂಜೆ ಕ್ರೀಟ್ ದ್ವೀಪದ ಮರಳದಿಬ್ಬದಲ್ಲಿ, ಪ್ಯಾಂಕ್ರೇಷಿಯಂ ಮ್ಯಾರಿಟಿಮಮ್ ಎಂಬ ಕಡಲ ಲಿಲ್ಲಿಯ ಒಣಗಿದ ಕಾಯೊಂದನ್ನು ಬಿಡಿಸಿದಾಗ, ಇದ್ದಿಲ ಚೂರುಗಳಂತೆ ಕಪ್ಪಗೆ, ಹಗುರವಾಗಿದ್ದ ಬೀಜಗಳು ಅಂಗೈಗೆ ಉದುರಿದವು. ಉಪ್ಪುನೀರಿನಲ್ಲಿ ತೇಲಿ ಬೇರೆ ದಡ ಸೇರಬಲ್ಲ ಬೀಜಗಳಿವು. ಮರಳಿನಲ್ಲಿ ಆಳವಾಗಿ ಹುದುಗಿರುವ ಇದರ ಗೆಡ್ಡೆಯಲ್ಲಿ, ತಿಂದರೆ ವಾಂತಿ ತರಿಸುವ ಲೈಕೋರಿನ್ ಜೊತೆಗೇ ಗ್ಯಾಲಂಟಮೈನ್ ಎಂಬ ಆಲ್ಕಲಾಯ್ಡ್ (ಸಸ್ಯಜನ್ಯ ರಾಸಾಯನಿಕ) ಕೂಡ ಇದೆ. 1950ರ ದಶಕದಲ್ಲಿ ಇದೇ ಸಸ್ಯಕುಟುಂಬದ ಸ್ನೋಡ್ರಾಪ್ ಗೆಡ್ಡೆಯಿಂದ ಬೇರ್ಪಡಿಸಲಾದ ಈ ವಸ್ತು, ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ದು ನೆನಪಿಗೆ ನೆರವಾಗುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅಲ್ಜೈಮರ್ ಕಾಯಿಲೆಯ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಅದು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಕೆಲಕಾಲ ಲಕ್ಷಣಗಳನ್ನು ತುಸು ಹಗುರಗೊಳಿಸುತ್ತದೆ ಅಷ್ಟೆ. ಅಜ್ಜಿ ನನ್ನ ಹೆಸರನ್ನೇ ಮರೆತಿದ್ದ ವರ್ಷಗಳು ನೆನಪಾದವು. ಬೀಜಗಳನ್ನು ಮರಳಿಗೇ ಚೆಲ್ಲಿ ಬಂದೆ.